ವಾಟರ್ ಪಂಪ್ ಒಂದು, ಲೇಬರ್ ಎರಡು: ಬಿಲ್ ಸರಿಪಡಿಸಿಕೊಡಿ

ಸರ್ವೀಸ್ ಮ್ಯಾನೇಜರ್ ಅವರಿಗೆ,

ನಮಸ್ಕಾರ. ಕಳೆದ ಸೋಮವಾರ ನಿಮ್ಮಲ್ಲಿ ನನ್ನ ಕಾರಿನ ವಾಟರ್ ಪಂಪ್ ಬದಲಾಯಿಸಿಕೊಂಡು ಬಂದೆ. ಕೆಲಸ ಚೆನ್ನಾಗಿ ಆಗಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಟೆಂಪರೇಚರ್ ಮುಳ್ಳು ಈಗ ಮಧ್ಯದಲ್ಲೇ ನಿಲ್ಲುತ್ತದೆ, ಆ ಕರಕರ ಸದ್ದೂ ಇಲ್ಲ. ನನ್ನ ಜಗಳ ಇರುವುದು ಬಿಲ್ಲಿನ ಜೊತೆ.

ಪಂಪ್ ಹೋಗಿತ್ತು ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಎರಡು ವಾರದಿಂದ ಬೆಳಿಗ್ಗೆ ಗಾಡಿ ತೆಗೆದರೆ ನೆಲದ ಮೇಲೆ ಅಂಗೈ ಅಗಲ ಹಸಿರು ನೀರು ಇರುತ್ತಿತ್ತು. ನಿಮ್ಮ ಮೆಕ್ಯಾನಿಕ್ ಟಾರ್ಚ್ ಹಿಡಿದು, ಬೆಲ್ಟ್ ಕವರಿನ ಕೆಳಗಿನಿಂದ ಇಳಿದು ಒಣಗಿದ್ದ ಕೂಲಂಟ್ (ಇಂಜಿನ್ ತಣ್ಣಗಿಡಲು ಪಂಪ್ ಹರಿಸುವ ದ್ರವ) ಕಲೆ ತೋರಿಸಿದರು. ಪಂಪಿನ ಸೀಲ್ ಹೋದರೆ ಕೂಲಂಟ್ ಬೇರಿಂಗಿಗೆ ನುಗ್ಗದೆ ಹೊರಗೆ ಬರಲಿ ಎಂದು ಪಂಪಿನಲ್ಲೇ ಒಂದು ಸಣ್ಣ ತೂತು ಬಿಟ್ಟಿರುತ್ತಾರೆ, ಅಲ್ಲಿಂದ ಸೋರಲು ಶುರುವಾದರೆ ಪಂಪ್ ಮುಗಿದ ಹಾಗೆ ಎಂದು ತಾಳ್ಮೆಯಿಂದ ವಿವರಿಸಿದರು. ಒಳ್ಳೆಯ ಮನುಷ್ಯ. ಈ ಪತ್ರ ಅವರ ಮೇಲಿನ ದೂರು ಅಂತ ದಯವಿಟ್ಟು ತಿಳಿಯಬೇಡಿ.

ಈಗ ಬಿಲ್ಲಿಗೆ ಬರೋಣ. ಮೂರನೇ ಸಾಲಿನಲ್ಲಿ 'ಟೈಮಿಂಗ್ ಬೆಲ್ಟ್ ಬಿಚ್ಚಿ ಜೋಡಿಸಿದ್ದು, 4 ಗಂಟೆ' ಎಂದಿದೆ (ಇಂಜಿನ್ನಿನ ಒಳಭಾಗಗಳನ್ನು ಒಂದೇ ತಾಳಕ್ಕೆ ತಿರುಗಿಸುವ ಬೆಲ್ಟ್ ಅದು). ಐದನೇ ಸಾಲಿನಲ್ಲಿ 'ವಾಟರ್ ಪಂಪ್ ಬದಲಾವಣೆ, 4.5 ಗಂಟೆ' ಎಂದಿದೆ. ಎರಡೂ ಸೇರಿ ಎಂಟೂವರೆ ಗಂಟೆಯ ಲೇಬರ್. ನಾನು ಗಾಡಿ ಕೊಟ್ಟಿದ್ದು ಬೆಳಿಗ್ಗೆ 10ಕ್ಕೆ, ವಾಪಸ್ ತಗೊಂಡಿದ್ದು ಅದೇ ದಿನ ಸಂಜೆ 4ಕ್ಕೆ, ನಡುವೆ ಊಟದ ಬಿಡುವು ಬೇರೆ. ಒಬ್ಬರೇ ಮೆಕ್ಯಾನಿಕ್ ಕೆಲಸ ಮಾಡಿದ್ದು, ನಾನು ಗಾಜಿನ ಆಚೆ ಕೂತು ನೋಡುತ್ತಲೇ ಇದ್ದೆ.

ಕೇಳಿದ್ದಕ್ಕೆ ನಿಮ್ಮ ಅಡ್ವೈಸರ್, 'ಗಡಿಯಾರ ನೋಡಿ ಹಾಕೋದಲ್ಲ ಸರ್, ಯಾವ ಕೆಲಸಕ್ಕೆ ಎಷ್ಟು ಗಂಟೆ ಅಂತ ಕಂಪನಿ ಪಟ್ಟಿಯಲ್ಲಿದೆ' ಎಂದರು. ಸರಿ, ಒಪ್ಪಿದೆ. ಕೈ ಚುರುಕಿರುವ ಮೆಕ್ಯಾನಿಕ್ ಬೇಗ ಮುಗಿಸಿದರೆ ಅದರ ಲಾಭ ನಿಮಗೇ ಇರಲಿ. ಆದರೆ ನನ್ನ ಇಂಜಿನ್‌ನಲ್ಲಿ ಪಂಪನ್ನು ತಿರುಗಿಸುವುದೇ ಟೈಮಿಂಗ್ ಬೆಲ್ಟ್. ಒಂದು ಕಡೆಯ ಇಂಜಿನ್ ಮೌಂಟ್ ತೆಗೆದು, ಕವರ್ ಬಿಚ್ಚಿ, ಬೆಲ್ಟ್ ಕಳಚದೆ ಪಂಪ್ ಕೈಗೇ ಸಿಗುವುದಿಲ್ಲ. ಅಂದರೆ ಪಂಪಿನ ನಾಲ್ಕೂವರೆ ಗಂಟೆಯಲ್ಲಿ ಬೆಲ್ಟ್ ಬಿಚ್ಚಿ ಕಟ್ಟುವ ಕೆಲಸ ಆಗಲೇ ಸೇರಿದೆ ಅಲ್ವಾ? ಅದನ್ನೇ ಮೂರನೇ ಸಾಲಿನಲ್ಲಿ ಇನ್ನೊಮ್ಮೆ ಬರೆದಿದ್ದೀರಿ. ಬೆಲ್ಟ್ ಕಳಚಿದ ಮೇಲೆ ಉಳಿಯುವುದು ಕೆಲವು ಬೋಲ್ಟ್, ಹಳೇ ಗ್ಯಾಸ್ಕೆಟ್ ಕೆರೆದು ತೆಗೆಯುವುದು, ಹೊಸ ಪಂಪ್ ಕೂರಿಸುವುದು, ಅಷ್ಟೇ. ಒಂದೇ ಬಾಗಿಲನ್ನು ಒಂದೇ ಸಲ ತೆಗೆದು ಎರಡು ಸಲ ತೆಗೆದ ಲೆಕ್ಕ ಬರೆದ ಹಾಗಾಯಿತು ಇದು.

ಇನ್ನೂ ಹೊಟ್ಟೆ ಉರಿಯುವ ವಿಷಯ ಅಂದರೆ, ಇದೇ ಬೆಲ್ಟನ್ನು 14 ತಿಂಗಳ ಹಿಂದೆ ನೀವೇ ಬದಲಾಯಿಸಿದ್ದಿರಿ. ಆಗ ನಾನು, ಹೇಗೂ ಬಿಚ್ಚಿದ್ದೀರಲ್ಲ, ಪಂಪನ್ನೂ ಹಾಕಿಬಿಡೋಣವಾ ಎಂದು ಕೇಳಿದ್ದೆ. 'ಬೇಡ, ಸುಮ್ನೆ ಯಾಕೆ ಖರ್ಚು, ಪಂಪ್ ಗಟ್ಟಿಯಾಗಿದೆ' ಎಂದು ಕಳಿಸಿದಿರಿ. ಆ ದಿನ ಹಾಕಿದ್ದರೆ ನನಗೆ ಬೀಳುತ್ತಿದ್ದುದು ಪಂಪಿನ ಬೆಲೆ, ಜೊತೆಗೆ ಒಂದಿಷ್ಟು ಲೇಬರ್. ಈಗ ಅದೇ ಬೆಲ್ಟ್ ಮೇಲೆ ಕೂಲಂಟ್ ಬಿದ್ದಿದೆ ಎಂದು ಹೊಸ ಬೆಲ್ಟ್ ಕೂಡ ಹಾಕಿದ್ದೀರಿ. ಕೂಲಂಟ್ ತಾಗಿದ ಬೆಲ್ಟನ್ನು ನಂಬಬಾರದು ಅನ್ನುವುದು ನನಗೂ ಗೊತ್ತು, ಅದು ತುಂಡಾದರೆ ಇಂಜಿನ್ನೇ ಹಾಳಾಗಬಹುದು. ಆದರೆ ಹಳೇ ಬೆಲ್ಟ್, ಹಳೇ ಪಂಪ್ ತೋರಿಸಿ ಎಂದರೆ 'ಸ್ಕ್ರ್ಯಾಪಿಗೆ ಹೋಯಿತು' ಎಂಬ ಉತ್ತರ. ಇಷ್ಟು ಬೇಗ? ನಾನಿನ್ನೂ ದುಡ್ಡೇ ಕಟ್ಟಿರಲಿಲ್ಲ.

ಕೂಲಂಟ್ ಲೆಕ್ಕ ಇನ್ನೊಂದು ತಮಾಷೆ. 5 ಲೀಟರ್ ಕಾನ್ಸಂಟ್ರೇಟ್, ಅಂದರೆ ನೀರು ಬೆರೆಸದ ಕೂಲಂಟ್, ಹಾಕಿದ್ದೇವೆ ಎಂದು ಬಿಲ್ಲಿನಲ್ಲಿದೆ. ಅದಕ್ಕೆ ಸಮಪಾಲು ಡಿಸ್ಟಿಲ್ಡ್ ವಾಟರ್ ಸೇರಿಸಿದರೆ 10 ಲೀಟರ್ ಆಗುತ್ತದೆ. ನನ್ನ ಗಾಡಿಗೆ ಹಿಡಿಯುವುದು 6 ಲೀಟರ್, ಗಾಡಿಯ ಜೊತೆ ಬಂದ ಪುಸ್ತಕದಲ್ಲೇ ಇದೆ. ಹಾಗಾದರೆ ಕಾನ್ಸಂಟ್ರೇಟ್ 3 ಲೀಟರ್ ಸಾಕಿತ್ತು. ಉಳಿದ 2 ಲೀಟರ್ ಯಾರ ಗಾಡಿಗೆ ಹೋಯಿತು? ಡಬ್ಬ ಒಡೆದರೆ ಪೂರ್ತಿ ಬಿಲ್ ಮಾಡುತ್ತೇವೆ ಅನ್ನುವುದಾದರೆ ಮಿಕ್ಕಿದ್ದನ್ನು ಡಿಕ್ಕಿಯಲ್ಲಿ ಇಟ್ಟು ಕಳಿಸಬೇಕಿತ್ತು.

ಫೋನಿನಲ್ಲಿ ಹೇಳಿದ ಮೊತ್ತಕ್ಕೂ ಕೊನೆಯ ಬಿಲ್ಲಿಗೂ ಹೆಚ್ಚುಕಡಿಮೆ ದುಪ್ಪಟ್ಟು ವ್ಯತ್ಯಾಸ. ಸ್ವಲ್ಪ ಹೆಚ್ಚಾದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಆದರೆ ಇಷ್ಟು ಜಾಸ್ತಿ ಆಗುವಾಗ ಒಂದು ಫೋನ್ ಮಾಡಬಹುದಿತ್ತು. ನಾನು ಹತ್ತು ಹೆಜ್ಜೆ ದೂರದಲ್ಲೇ ಕೂತಿದ್ದೆ. ಇಡೀ ಬಿಲ್ಲಿನಲ್ಲಿ ಪಂಪಿನ ಬೆಲೆ ಐದರಲ್ಲಿ ಒಂದು ಪಾಲೂ ಇಲ್ಲ, ಅದರ ಬಗ್ಗೆ ನನ್ನ ತಕರಾರೂ ಇಲ್ಲ.

ನಾನು ಕೇಳುತ್ತಿರುವುದು ಇಷ್ಟೇ. ಮೂರನೇ ಸಾಲಿನ 4 ಗಂಟೆಯ ಲೇಬರ್ ಪೂರ್ತಿ ವಾಪಸ್ ಕೊಡಿ. ಬಳಸದ 2 ಲೀಟರ್ ಕೂಲಂಟ್‌ನ ದುಡ್ಡು ಕೊಡಿ, ಇಲ್ಲವಾದರೆ ಕೂಲಂಟನ್ನೇ ಕೊಡಿ. ಎರಡು ಸಾಲೂ ಸರಿಯಾಗಿಯೇ ಇವೆ ಎಂದು ನೀವು ಹೇಳುವುದಾದರೆ, ಬೆಲ್ಟ್ ಮತ್ತು ಪಂಪ್ ಒಟ್ಟಿಗೆ ಮಾಡಿದರೆ ಎಷ್ಟು ಗಂಟೆ ಎಂದು ನಿಮ್ಮ ಕಂಪನಿ ಪಟ್ಟಿಯಲ್ಲಿರುವ ಆ ಪುಟದ ನಕಲು ಕಳಿಸಿ. ಬಾಯಿಮಾತಿನ ಸಮಾಧಾನ ಬೇಡ, ಉತ್ತರ ಬರಹದಲ್ಲೇ ಬರಲಿ. 15 ದಿನ ಕಾಯುತ್ತೇನೆ, ಆಮೇಲೆ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ.

ಬಿಲ್, ಜಾಬ್ ಕಾರ್ಡ್ ಮತ್ತು 14 ತಿಂಗಳ ಹಿಂದಿನ ಬೆಲ್ಟ್ ಬಿಲ್ಲಿನ ನಕಲುಗಳನ್ನು ಜೊತೆಗೆ ಇಟ್ಟಿದ್ದೇನೆ. ಮುಂದಿನ ಸರ್ವೀಸಿಗೆ ಇನ್ನು ಎರಡು ತಿಂಗಳಿದೆ, ಗಾಡಿ ಎಲ್ಲಿಗೆ ತಗೊಂಡು ಹೋಗಬೇಕು ಅನ್ನುವುದನ್ನು ನಿಮ್ಮ ಉತ್ತರ ನೋಡಿ ತೀರ್ಮಾನಿಸುತ್ತೇನೆ.

ಇಂತಿ,
6 ವರ್ಷದಿಂದ ನಿಮ್ಮಲ್ಲಿಗೇ ಬರುತ್ತಿರುವ ಗ್ರಾಹಕ