ಕಾರ್ತಿಕದ ಹಣತೆ, ಒಂದು ಪ್ರಾರ್ಥನೆ: ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ. ಬರುವ ಶನಿವಾರ ಸಂಜೆ ಶಾಲೆಯ ಅಂಗಳದಲ್ಲಿ ಮಕ್ಕಳು ಹಣತೆ ಹಚ್ಚಲಿದ್ದಾರೆ. ಸೀರಿಯಲ್ ಲೈಟ್ ಹಾಕಿಸಿಕೊಡುತ್ತೇವೆ ಎಂದು ಕೆಲವರು ಪ್ರೀತಿಯಿಂದ ಮುಂದೆ ಬಂದಿದ್ದೀರಿ. ಬೇಡ ಅಂದಿದ್ದೇನೆ. ಇನ್ನು ಕೆಲವರು ಮಕ್ಕಳ ಡೈರಿಯಲ್ಲಿ ಪ್ರಶ್ನೆ ಬರೆದು ಕಳಿಸಿದ್ದೀರಿ. ಬೆಳಗಿನ ಪ್ರಾರ್ಥನೆಗೆ ಕ್ರೈಸ್ತರ ಹಾಡು ಯಾಕೆ? ದೀಪ ಹಚ್ಚೋದು ಒಂದು ಧರ್ಮದವರ ಪದ್ಧತಿ ಅಲ್ವಾ? ಎಲ್ಲಕ್ಕೂ ಒಟ್ಟಿಗೇ ಉತ್ತರ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ಉದ್ದವಾದೀತು.

ಮೊದಲು ಹಾಡು. ‘ಕರುಣಾಳು ಬಾ ಬೆಳಕೆ’ ನಿಮ್ಮಲ್ಲಿ ಎಷ್ಟೋ ಜನ ಶಾಲೆಯಲ್ಲಿ ಹಾಡಿದ್ದೇ. ಕನ್ನಡಕ್ಕೆ ತಂದವರು ಬಿ.ಎಂ.ಶ್ರೀ. ಮೂಲ ಬರೆದವರು ಜಾನ್ ಹೆನ್ರಿ ನ್ಯೂಮನ್ ಎಂಬ ಇಂಗ್ಲೆಂಡಿನ ಪಾದ್ರಿ, 1833ರಲ್ಲಿ. ಆಗ ಅವರಿಗೆ 32 ವರ್ಷ. ಸಿಸಿಲಿ ದ್ವೀಪದಲ್ಲಿ ಜ್ವರ ಬಂದು ಸಾಯುವ ಹಾಗಾಗಿತ್ತು. ಚೇತರಿಸಿಕೊಂಡ ಮೇಲೆ ಒಂದೇ ಹಂಬಲ, ಮನೆ ಸೇರಬೇಕು. ಪಲೆರ್ಮೊ ಬಂದರಿನಲ್ಲಿ ವಾರಗಟ್ಟಲೆ ಕಾದರು. ಕೊನೆಗೆ ಸಿಕ್ಕಿದ್ದು ಕಿತ್ತಳೆ ಹಣ್ಣು ಸಾಗಿಸುವ ಹಾಯಿಹಡಗು. ಅದೂ ಕಾರ್ಸಿಕಾ, ಸಾರ್ಡಿನಿಯಾ ದ್ವೀಪಗಳ ನಡುವೆ ಬಂದಾಗ ಗಾಳಿ ನಿಂತುಹೋಯಿತು. ಹಡಗು ದಿನಗಟ್ಟಲೆ ಅಲ್ಲಾಡಲಿಲ್ಲ. ಹಾಡು ಹುಟ್ಟಿದ್ದು ಅಲ್ಲಿ.

ಅಂಥ ಹೊತ್ತಿನಲ್ಲಿ ನಾವಾಗಿದ್ದರೆ ಗಾಳಿ ಬೀಸಲಿ ಅಂತ ಬೇಡುತ್ತಿದ್ದೆವು. ಊರಿನ ದಡ ಕಾಣಿಸಪ್ಪಾ ಅಂತಲಾದರೂ ಕೇಳುತ್ತಿದ್ದೆವು. ಈತ ಕೇಳಿದ್ದು ಕಾಲಿನ ಮುಂದೆ ಬೀಳುವಷ್ಟು ಬೆಳಕು. ಬಹು ದೂರದ್ದು ಕಾಣಬೇಕಿಲ್ಲ, ‘ಸಾಕು ನನಗೊಂದು ಹೆಜ್ಜೆ.’ ಹಾಡಿನಲ್ಲಿ ಯೇಸುವಿನ ಹೆಸರೂ ಬರುವುದಿಲ್ಲ. ಗಾಂಧೀಜಿಗೂ ಇದು ತುಂಬಾ ಇಷ್ಟವಾಗಿತ್ತು. (ಏಳನೇ ತರಗತಿ ಮಗುವಿಗೆ ಮುಂದೆ ಇಂಜಿನಿಯರಿಂಗ್ ಸೀಟು ಸಿಗಬಹುದಾ ಎಂದು ಪ್ರತಿ ಸಭೆಯಲ್ಲೂ ಕೇಳುವವರು ಆ ‘ಒಂದು ಹೆಜ್ಜೆ’ಯ ಸಾಲನ್ನು ಮಕ್ಕಳ ಜೊತೆ ಒಮ್ಮೆ ಹಾಡಿ ನೋಡಿ.) ‘ತಮಸೋ ಮಾ ಜ್ಯೋತಿರ್ಗಮಯ’ ಎಂದು ಬೃಹದಾರಣ್ಯಕ ಉಪನಿಷತ್ತು ಬೇಡುವುದೂ ಕೈಹಿಡಿದು ನಡೆಸು ಅಂತಲೇ.

ಇನ್ನು ದೀಪ. ಕುರಾನಿನ 24ನೇ ಅಧ್ಯಾಯದ ಹೆಸರೇ ‘ನೂರ್’, ಅಂದರೆ ಬೆಳಕು. ದೇವರ ಬೆಳಕು ಹೇಗಿದೆ ಅಂದರೆ, ಗೋಡೆಯ ಗೂಡಿನಲ್ಲಿ ಒಂದು ದೀಪ, ದೀಪದ ಸುತ್ತ ಗಾಜು. ಗಾಜು ನಕ್ಷತ್ರದ ಹಾಗೆ ಹೊಳೆಯುತ್ತದೆ. ಒಳಗಿನ ಆಲಿವ್ ಎಣ್ಣೆ ಎಷ್ಟು ತಿಳಿ ಅಂದರೆ ಬೆಂಕಿ ತಾಕುವ ಮೊದಲೇ ಬೆಳಗುವಂತಿದೆ. ಜೈನರ ದೀಪಾವಳಿ ಮಹಾವೀರರ ನಿರ್ವಾಣದ ನೆನಪು. ಜ್ಞಾನದ ಬೆಳಕು ಹೋಯಿತು, ಕಣ್ಣಿಗೆ ಕಾಣುವ ಬೆಳಕನ್ನಾದರೂ ಹಚ್ಚೋಣ ಎಂದು ಆ ರಾತ್ರಿ ರಾಜರು ದೀಪ ಬೆಳಗಿಸಿದರು ಎನ್ನುತ್ತದೆ ಜೈನರ ಗ್ರಂಥ ಕಲ್ಪಸೂತ್ರ. ಅದು ಗೆಲುವಿನ ದೀಪ ಅಲ್ಲ, ದುಃಖದ್ದು.

ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಜಿ.ಎಸ್. ಶಿವರುದ್ರಪ್ಪನವರ ಹಣತೆಯ ಪದ್ಯ. ಹೈಸ್ಕೂಲು ಮಕ್ಕಳು ಅಂದು ಅದನ್ನು ಓದುತ್ತಾರೆ. ಕತ್ತಲನ್ನು ಗೆಲ್ಲುತ್ತೇನೆಂಬ ಜಿದ್ದು ಆ ಕವಿಗಿಲ್ಲ. ಹಣತೆ ಉರಿಯುವಷ್ಟು ಹೊತ್ತು ನನ್ನ ಮುಖ ನೀನು, ನಿನ್ನ ಮುಖ ನಾನು ನೋಡಬಹುದಲ್ಲ ಎಂಬ ಆಸೆ, ಅಷ್ಟೇ. ಸೀರಿಯಲ್ ಲೈಟ್ ಬೇಡ ಅಂದಿದ್ದೂ ಇದಕ್ಕೇ. ಹಣತೆಯ ಬೆಳಕಲ್ಲಿ ಪಕ್ಕದವರ ಮುಖ ಕಾಣಬೇಕಾದರೆ ಹತ್ತಿರ ಕೂರಲೇಬೇಕು.

ಪೂಜೆ, ಮಂಗಳಾರತಿ ಇರುವುದಿಲ್ಲ. ಹಚ್ಚಲು ಇಷ್ಟವಿಲ್ಲದ ಮಗು ಸುಮ್ನೆ ಕೂತು ನೋಡಬಹುದು, ಯಾಕೆ ಅಂತ ಯಾರೂ ಕೇಳುವುದಿಲ್ಲ. ಪ್ರತಿ ಮಗುವಿನ ಕೈಲಿ ಒಂದು ಮಣ್ಣಿನ ಹಣತೆ, ಒಂದು ಬತ್ತಿ ಕಳಿಸಿ. ಎಣ್ಣೆ ಶಾಲೆಯಲ್ಲೇ ಇದೆ. ಹೊಸ ಹಣತೆಯಾದರೆ ಹಿಂದಿನ ದಿನವೇ ನೀರಲ್ಲಿ ನೆನೆಹಾಕಿ ಒಣಗಿಸಿ, ಇಲ್ಲದಿದ್ದರೆ ಎಣ್ಣೆಯನ್ನೆಲ್ಲ ಮಣ್ಣೇ ಕುಡಿಯುತ್ತದೆ. ಹತ್ತಿ ಬಟ್ಟೆ ಹಾಕಿಸಿ. ನೈಲಾನ್ ದುಪಟ್ಟಾ, ಜಾಸ್ತಿ ಘೇರಿನ ಲಂಗ ಬೇಡವೇ ಬೇಡ. ಸಂಜೆ 6ಕ್ಕೆ ಶುರು, 7.30ಕ್ಕೆ ಗೇಟಿನ ಹತ್ತಿರ ಬಂದು ಮಕ್ಕಳನ್ನು ಕರೆದುಕೊಂಡು ಹೋಗಿ.

ಇತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ