ಮಿಲ್ಟ್ರಿಗೆ ಹೋಗಿ ಬಾರದವರನ್ನು ಹುಡುಕುವ ಬಗೆ: ಗೆಳೆಯನಿಗೊಂದು ಪತ್ರ

ಗೆಳೆಯಾ,

ನಿಮ್ಮ ಮುತ್ತಜ್ಜನ ತಮ್ಮ ಎರಡನೇ ಮಹಾಯುದ್ಧದ ಕಾಲಕ್ಕೆ ಮಿಲ್ಟ್ರಿಗೆ ಸೇರಿ ಹೋದವರು ತಿರುಗಿ ಬರಲಿಲ್ಲ, ಮನೆಯಲ್ಲಿ ಉಳಿದದ್ದು ಒಂದು ಬಿಲ್ಲೆ (ಮೆಡಲ್) ಮತ್ತು ‘ಬರ್ಮಾ ಕಡೆ ತೀರಿಕೊಂಡರಂತೆ’ ಅನ್ನುವ ಮಾತು ಅಷ್ಟೇ, ಇಷ್ಟರ ಮೇಲೆ ಹುಡುಕಲು ಬರುತ್ತದೆಯೇ ಅಂತ ಕೇಳಿದ್ದೀಯ. ಬರುತ್ತದೆ. ಆದರೆ ಎಲ್ಲರಿಗೂ ಒಂದೇ ಸಮ ಬರುವುದಿಲ್ಲ. ಬಂದೂಕು ಹಿಡಿದವನ ಹೆಸರು ಸಿಕ್ಕಷ್ಟು ಸಲೀಸಾಗಿ ಮೂಟೆ ಹೊತ್ತವನ ಹೆಸರು ಸಿಗುವುದಿಲ್ಲ. ಯಾರ ಹೆಸರು ಬರೆದಿಡಬೇಕು, ಯಾರನ್ನು ಬರೀ ಲೆಕ್ಕಕ್ಕೆ ಹಿಡಿದರೆ ಸಾಕು ಅನ್ನುವುದನ್ನು ಆಗಿನ ಸರಕಾರವೇ ತೀರ್ಮಾನಿಸಿತ್ತು. ಆ ತೀರ್ಮಾನ ಇವತ್ತಿಗೂ ನಮ್ಮ ಹುಡುಕಾಟಕ್ಕೆ ಅಡ್ಡ ಬರುತ್ತದೆ.

ಮೊದಲು, ಆಗ ನಿಮ್ಮೂರು ಯಾರ ಆಳ್ವಿಕೆಯಲ್ಲಿತ್ತು ಅನ್ನುವುದನ್ನು ಖಚಿತ ಮಾಡಿಕೋ. ಈಗಿನ ಜಿಲ್ಲೆ ನೋಡಿ ಮೋಸ ಹೋಗಬೇಡ. ತುಂಗಭದ್ರೆಯ ಈಚೆ ದಂಡೆ, ಅಂದರೆ ಹೊಸಪೇಟೆ, ಕಂಪ್ಲಿ, ಸಿರುಗುಪ್ಪ, ಮದ್ರಾಸ್ ಪ್ರಾಂತ್ಯ. ಆಚೆ ದಂಡೆಯ ಗಂಗಾವತಿ, ಸಿಂಧನೂರು, ರಾಯಚೂರು ನಿಜಾಮನದು. ಕೊಪ್ಪಳ ನಿಜಾಮನ ಸೀಮೆಯೊಳಗೇ ಸಾಲಾರ್ ಜಂಗರ ಜಹಗೀರು. ಸಂಡೂರು ಘೋರ್ಪಡೆಯವರ ಪ್ರತ್ಯೇಕ ಸಂಸ್ಥಾನ, ಅದು ಬಳ್ಳಾರಿಗೆ ಸೇರಿದ್ದು 1949ರಲ್ಲಿ. ಕೊಪ್ಪಳದಿಂದ ಸ್ವಲ್ಪ ದೂರದ ಮುಂಡರಗಿಗೆ ಹೋದರೆ ಅದು ಬೊಂಬಾಯಿ ಪ್ರಾಂತ್ಯ. ಇನ್ನು ಆದೋನಿ, ಆಲೂರು, ರಾಯದುರ್ಗ 1953ರ ತನಕ ಬಳ್ಳಾರಿ ಜಿಲ್ಲೆಯೊಳಗೇ ಇದ್ದವು. ದಾಖಲೆಯಲ್ಲಿ ‘ಬಳ್ಳಾರಿ’ ಅಂತಿದ್ದ ಮಾತ್ರಕ್ಕೆ ಆ ಮನುಷ್ಯ ಈಗಿನ ಕರ್ನಾಟಕದವನೇ ಆಗಿರಬೇಕಿಲ್ಲ. ನಿಮ್ಮದು ಕಂಪ್ಲಿ ಕಡೆಯ ಊರು, ಹಾಗಾಗಿ ಮದ್ರಾಸಿನ ದಾರಿ. ನಿಮ್ಮ ಬೀಗರ ಕಡೆಯವರು ಯಾರಾದರೂ ಹೋಗಿದ್ದರೆ ನಿಜಾಮನ ದಾರಿ, ಅದು ಬೇರೆ.

ಎರಡನೆಯದು ಬಿಲ್ಲೆ. ದಯವಿಟ್ಟು ಹುಣಸೆಹಣ್ಣು ಹಚ್ಚಿ ತಿಕ್ಕಬೇಡ. ಅಂಚಿನ ಅಕ್ಷರ ಕೊರೆದದ್ದು ಬಹಳ ತೆಳುವಾಗಿ, ಒಂದೇ ಸಲದ ತಿಕ್ಕಾಟಕ್ಕೂ ಮಾಸಬಹುದು. ಒಣ ಬ್ರಷ್ಷಿನಿಂದ ಧೂಳು ತೆಗೆ, ಕತ್ತಲಲ್ಲಿಟ್ಟು ಟಾರ್ಚನ್ನು ಪಕ್ಕದಿಂದ ಅಡ್ಡಲಾಗಿ ಹಿಡಿ, ಬಿಲ್ಲೆಯನ್ನು ನಿಧಾನಕ್ಕೆ ತಿರುಗಿಸುತ್ತಾ ಅಂಚಿನ ಫೋಟೋ ತೆಗೆ. ಆರು ಮೂಲೆಯ ನಕ್ಷತ್ರವಾಗಿದ್ದರೆ ಹಿಂಬದಿ ನೋಡು, ಹೆಸರಿದ್ದರೆ ಅಲ್ಲಿರುತ್ತದೆ. ಸಿಗಬೇಕಾದದ್ದು ನಾಲ್ಕು: ನಂಬರು, ದರ್ಜೆ, ಹೆಸರು, ತುಕಡಿ. ಇದರಲ್ಲಿ ನಂಬರೇ ಮುಖ್ಯ. ಹನುಮಂತಪ್ಪಗಳು ನೂರು ಜನ ಇರಬಹುದು, ಆದರೆ ಒಂದು ತುಕಡಿಯಲ್ಲಿ ಒಂದು ನಂಬರಿಗೆ ಒಬ್ಬನೇ.

ಬಿಲ್ಲೆ ಯಾವುದು ಅನ್ನುವುದರಿಂದಲೂ ಒಂದಿಷ್ಟು ತಿಳಿಯುತ್ತದೆ. ಸಿಂಹವೊಂದು ಡ್ರ್ಯಾಗನ್ ಮೇಲೆ ನಿಂತಿದ್ದರೆ ಅದು ವಾರ್ ಮೆಡಲ್. 28 ದಿನ ಕೆಲಸ ಮಾಡಿದ ಎಲ್ಲರಿಗೂ ಕೊಟ್ಟದ್ದು, ಆ ಮನುಷ್ಯ ಎಲ್ಲಿಗೆ ಹೋಗಿದ್ದ ಅಂತ ಅದು ಹೇಳುವುದಿಲ್ಲ. ಹಿಂದೆ ಭಾರತದ ನಕ್ಷೆ ಉಬ್ಬಿದ್ದರೆ ಇಂಡಿಯಾ ಸರ್ವಿಸ್ ಮೆಡಲ್. ‘ಬರ್ಮಾ ಸ್ಟಾರ್’ ಅಂತ ಸುತ್ತ ಬರೆದ ನಕ್ಷತ್ರವಾದರೆ ಆತ ಬರ್ಮಾ ಕಡೆಯ ಯುದ್ಧಕ್ಕೆ ಹೋಗಿದ್ದ ಅಂತ ಹಿಡಿಯಬಹುದು. ಮೊದಲ ಮಹಾಯುದ್ಧದ ಬಿಲ್ಲೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ: ಬ್ರಿಟಿಷ್ ವಾರ್ ಮೆಡಲ್ ಸಿಪಾಯಿಗಳಿಗೆ ಬೆಳ್ಳಿಯದು, ಕೂಲಿ ತುಕಡಿಗಳವರಿಗೆ ಕಂಚಿನದು. ಒಂದೇ ಅಚ್ಚು, ಒಂದೇ ರಾಜನ ಮುಖ, ಲೋಹ ಮಾತ್ರ ಬೇರೆ. ಬೆಳ್ಳಿಯವು ಎಷ್ಟೋ ಅಕ್ಕಸಾಲಿಗರ ಕುಲುಮೆಗೆ ಹೋದವು.

ತುಕಡಿಯ ಹೆಸರನ್ನು ಪೂರ್ತಿ ಬರೆದಿರುವುದಿಲ್ಲ. ‘ಆರ್.ಐ.ಎ.ಎಸ್.ಸಿ.’ ಅಂದರೆ ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್, ಲಾರಿ, ಹೇಸರಗತ್ತೆ, ರೇಷನ್ನಿನ ಕೆಲಸ. ‘ಐ.ಪಿ.ಸಿ.’ ಪಯೊನಿಯರ್ ಕೋರ್, ರಸ್ತೆ ಮತ್ತು ಮಣ್ಣಿನ ಕೆಲಸ. ‘ಕ್ಯೂ.ವಿ.ಓ. ಮದ್ರಾಸ್’ ಅಂತ ಶುರುವಾದರೆ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್. ನಮ್ಮ ಕಡೆಯವರನ್ನು ಮೊದಲು ಈ ಮೂರರಲ್ಲಿ ಹುಡುಕು, ಆಮೇಲೆ ಮದ್ರಾಸ್ ರೆಜಿಮೆಂಟಿನ ಕಡೆ ಹೋಗು. ದಕ್ಷಿಣದವರು ‘ಯೋಧ ಜನಾಂಗ’ ಅಲ್ಲ ಅಂತ ಬ್ರಿಟಿಷರು ಆ ರೆಜಿಮೆಂಟನ್ನು ಮೊದಲ ಯುದ್ಧದ ನಂತರ ಮುಚ್ಚುತ್ತಾ ಬಂದು, ಜನ ಸಾಲದಾದಾಗ 1941ರಲ್ಲಿ ಮತ್ತೆ ಕಟ್ಟಿದರು.

ಈಗ ಹುಡುಕಾಟ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಅಂತ ಒಂದಿದೆ, ಎರಡು ಮಹಾಯುದ್ಧಗಳಲ್ಲಿ ಸತ್ತ ಸೈನಿಕರ ಸಮಾಧಿ, ಸ್ಮಾರಕ ನೋಡಿಕೊಳ್ಳುವ ಸಂಸ್ಥೆ, 1917ರಲ್ಲಿ ‘ಇಂಪೀರಿಯಲ್’ ಹೆಸರಿನಲ್ಲಿ ಹುಟ್ಟಿದ್ದು. ಅದರ ವೆಬ್‌ಸೈಟಿನಲ್ಲಿ ಸತ್ತವರ ಪಟ್ಟಿ ಪುಕ್ಕಟೆ ನೋಡಬಹುದು. ಹೆಸರನ್ನು ‘ಸರ್‌ನೇಮ್’ ಖಾನೆಯಲ್ಲಿ ಹಾಕು, ಮೊದಲ ಹೆಸರಿನ ಖಾನೆ ಖಾಲಿ ಬಿಡು. ನಮ್ಮವರಿಗೆ ಅಡ್ಡಹೆಸರು ಇಲ್ಲದ್ದರಿಂದ ಇರುವ ಒಂದೇ ಹೆಸರನ್ನು ಅಲ್ಲಿ ತುಂಬಿದ್ದಾರೆ. ಸೈನ್ಯದ ಜಾಗದಲ್ಲಿ ಇಂಡಿಯನ್ ಆರ್ಮಿ, ಯುದ್ಧದ ಜಾಗದಲ್ಲಿ ಎರಡನೆಯದು. ಹೆಚ್ಚುವರಿ ಮಾಹಿತಿ ಅನ್ನುವ ಖಾನೆ ಇದೆ ನೋಡು, ಬಂಗಾರ ಇರುವುದು ಅಲ್ಲೇ: ‘ಇಂಥವರ ಮಗ, ಇಂಥವಳ ಗಂಡ, ಇಂಥ ಊರು, ಬಳ್ಳಾರಿ, ಇಂಡಿಯಾ’ ಅಂತ ಒಂದು ಸಾಲು ಬರುತ್ತದೆ. ಆ ಖಾನೆಯಲ್ಲಿ ಬಳ್ಳಾರಿಯ ಹೆಸರನ್ನು 2014ಕ್ಕೆ ಮುಂಚಿನ ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲೇ (Bellary) ಹಾಕಬೇಕು. ಹೊಸದನ್ನು ಹಾಕಿದರೆ ಏನೂ ಬರುವುದಿಲ್ಲ. ಹೊಸಪೇಟೆ ‘ಹಾಸ್ಪೆಟ್’, ಕೊಪ್ಪಳ ‘ಕೊಪ್ಬಾಳ್’ ಆಗಿರಬಹುದು. ಬಂದ ಪಟ್ಟಿಯನ್ನು ಫೈಲಾಗಿ ಇಳಿಸಿಕೊಂಡು ಮನೆಯಲ್ಲಿ ಕೂತು ಸಾವಕಾಶ ನೋಡು.

ಹೆಸರಿನ ಕಾಗುಣಿತದ ಮೇಲೆ ಭರವಸೆ ಇಡಬೇಡ. ಬರೆದುಕೊಂಡ ಗುಮಾಸ್ತನಿಗೆ ಕನ್ನಡ ಬರುತ್ತಿತ್ತೋ ಇಲ್ಲವೋ, ಕಿವಿಗೆ ಬಿದ್ದಂತೆ ಬರೆದ. ಹನುಮಂತಪ್ಪನನ್ನು ‘ಅನ್ಮಂತಪ್ಪ’ ಅಂತಲೂ, ಈರಣ್ಣನನ್ನು ‘ವೀರನ್ನ’, ‘ಎರನ್ನ’ ಅಂತಲೂ ಹುಡುಕು. ‘ಹ’ದಿಂದ ಶುರುವಾಗುವ ಹೆಸರನ್ನೆಲ್ಲ ‘ಅ’ದಲ್ಲೂ ನೋಡಬೇಕು. ಹೆಸರು ಎಷ್ಟು ತಿರುಚಿದ್ದರೂ ಅಪ್ಪನ ಹೆಸರು, ಊರು ಎರಡೂ ಕೂಡಿಬಂದರೆ ಆತನೇ.

ಸಿಕ್ಕಿತು ಅಂತಿಟ್ಟುಕೋ. ಬರ್ಮಾದಲ್ಲಿ ಸತ್ತವರಾದರೆ ಬಹುಶಃ ‘ರಂಗೂನ್ ಮೆಮೋರಿಯಲ್’ ಅಂತ ಬರುತ್ತದೆ. ಅದು ತೌಕ್ಯಾನ್ ಅನ್ನುವಲ್ಲಿದೆ, ಸುಮಾರು 27,000 ಹೆಸರು ಕಂಬಗಳ ಮೇಲಿವೆ, ಅಷ್ಟೂ ಜನಕ್ಕೆ ಗುರುತಿನ ಸಮಾಧಿಯಿಲ್ಲ. ಬೇರೆ ಕಡೆ ‘ಕ್ರಿಮೇಷನ್ ಮೆಮೋರಿಯಲ್’ ಅಂತಿದ್ದರೆ ಹಿಂದೂಗಳ ರಿವಾಜಿನಂತೆ ದಹನ ಮಾಡಿದ್ದಾರೆ ಅಂತ ಅರ್ಥ, ಹೆಣ ಸಿಗಲಿಲ್ಲ ಅಂತಲ್ಲ. ‘ದೆಹಲಿ/ಕರಾಚಿ’ ಅಂತ ಬಂದರೆ ಗಾಬರಿಯಾಗಬೇಡ, ಆತ ಕರಾಚಿಯಲ್ಲಿ ಸತ್ತನೆಂದಲ್ಲ. ಅವಿಭಜಿತ ಭಾರತದ ಸೈನ್ಯದಲ್ಲಿದ್ದು ರಣರಂಗದಿಂದ ದೂರ ಸತ್ತ 25,000ಕ್ಕೂ ಹೆಚ್ಚು ಜನರ ನೆನಪಿಗೆ ಎರಡೂ ಊರಿನಲ್ಲಿ ಸ್ಮಾರಕ ಮಾಡಿದ್ದಾರೆ. ದೇಶ ಒಡೆಯಿತು, ಸೈನ್ಯವನ್ನು ಎರಡಕ್ಕೊಂದರಂತೆ ಹಂಚಿಕೊಂಡರು. ಸತ್ತವರನ್ನು ಹಂಚುವುದು ಹೇಗೆ? ಎರಡೂ ಕಡೆ ಇಟ್ಟರು.

ತಾರೀಖಿನ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಜಪಾನ್ ಶರಣಾದದ್ದು 1945ರ ಆಗಸ್ಟಿನಲ್ಲಿ, ಹಾಗಾಗಿ ಹುಡುಕಾಟವನ್ನು ಅಲ್ಲಿಗೆ ನಿಲ್ಲಿಸುತ್ತಾರೆ. ನೀನು ನಿಲ್ಲಿಸಬೇಡ. ಕಮಿಷನ್ನಿನ ಪಟ್ಟಿ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರ ತನಕ ಇದೆ. ನಡುವಿನ ಆ ಎರಡು ವರ್ಷ ನಮ್ಮ ಹುಡುಗರು ಎಲ್ಲಿದ್ದರು ಅಂದರೆ, ಬೇರೆಯವರ ಸಾಮ್ರಾಜ್ಯ ಉಳಿಸಲು ಹೋಗಿದ್ದರು. 20ನೇ ಇಂಡಿಯನ್ ಡಿವಿಷನ್ 1945ರ ಸೆಪ್ಟೆಂಬರಿನಲ್ಲಿ ವಿಯೆಟ್ನಾಮಿನ ಸೈಗಾನ್‌ಗೆ ಇಳಿಯಿತು, ಫ್ರೆಂಚರು ಮರಳಿ ಬಂದು ಕೂರಲು ಅದರಿಂದ ದಾರಿಯಾಯಿತು. 49ನೇ ಇಂಡಿಯನ್ ಬ್ರಿಗೇಡ್ ಜಾವಾದ ಸುರಬಾಯಾಕ್ಕೆ ಹೋಯಿತು. ಡಚ್ಚರು ಮತ್ತೆ ಬರುತ್ತಾರೆಂದು ಅಲ್ಲಿನ ಜನ ತಿರುಗಿಬಿದ್ದಿದ್ದರು. ಅಕ್ಟೋಬರ್ 30ರಂದು ಬ್ರಿಗೇಡಿನ ಮುಖ್ಯಸ್ಥ ಮ್ಯಾಲಬಿಯೇ ಸತ್ತ, ನವೆಂಬರ್ 10ರಿಂದ 5ನೇ ಇಂಡಿಯನ್ ಡಿವಿಷನ್ ಊರಿನ ಮೇಲೆ ಬಿತ್ತು. ಜಕಾರ್ತಾದ ಯುದ್ಧ ಸ್ಮಶಾನದಲ್ಲಿ ಆ ತಿಂಗಳುಗಳಲ್ಲಿ ಸತ್ತ ಭಾರತೀಯರಿದ್ದಾರೆ. ಯುದ್ಧ ಮುಗಿಯಿತು, ಮಗ ಬರುತ್ತಾನೆ ಅಂತ ಇಲ್ಲಿ ಮನೆಯವರು ಕಾಯುತ್ತಿದ್ದಾಗ, ಸ್ವಾತಂತ್ರ್ಯ ಕೇಳಿದ ಇನ್ನೊಂದು ದೇಶದವರ ಗುಂಡಿಗೆ ಮಗ ಬಲಿಯಾದ. ಈ ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಹೊಲಸು ಅನ್ನಿಸುವ ಭಾಗ ಇದು. ನಮ್ಮ ಪಾಠಪುಸ್ತಕಗಳು ಇದರ ಬಗ್ಗೆ ಬಾಯಿ ಬಿಡುವುದಿಲ್ಲ.

ನಿಜಾಮನ ಕಡೆಯವರನ್ನು ಹುಡುಕುವಾಗ ಇನ್ನೊಂದು ಗುಂಡಿ. ‘19ನೇ ಹೈದರಾಬಾದ್ ರೆಜಿಮೆಂಟ್’ ಅಂತ ಕಂಡರೆ ನಮ್ಮ ರಾಯಚೂರಿನವರು ಅಂತ ಹಿಗ್ಗಬೇಡ. ಹೆಸರು ಹೈದರಾಬಾದಿನದು, ಜನ ಬಹುಪಾಲು ಉತ್ತರ ಭಾರತದ ಕುಮಾವೂಂ, ಜಾಟ್, ಅಹೀರರು; 1945ರಲ್ಲಿ ಅದು ಕುಮಾವೂಂ ರೆಜಿಮೆಂಟೇ ಆಯಿತು, ಅದರ ಕಚೇರಿ ಈಗ ರಾಣಿಖೇತದಲ್ಲಿದೆ. ನಿನಗೆ ಬೇಕಾದದ್ದು ‘ಇಂಡಿಯನ್ ಸ್ಟೇಟ್ ಫೋರ್ಸಸ್’ ಅಡಿಯಲ್ಲಿ ಬರುವ ‘1ನೇ ಹೈದರಾಬಾದ್ ಇನ್‌ಫೆಂಟ್ರಿ’ಯಂಥ ಸಂಸ್ಥಾನದ ತುಕಡಿ. ಗೊಂದಲ ಹೆಚ್ಚಾಗುವುದು ಯಾಕೆಂದರೆ ಇಬ್ಬರೂ ಮಲಯಾದಲ್ಲೇ ಇದ್ದರು: ಸಂಸ್ಥಾನದವರು 1941ರ ಡಿಸೆಂಬರಿನಲ್ಲಿ ಜಪಾನೀಯರು ಇಳಿದ ಕೋಟಾ ಭಾರುವಿನಲ್ಲಿ, 19ನೆಯದರ 4ನೇ ಬೆಟಾಲಿಯನ್ 1942ರ ಜನವರಿಯಲ್ಲಿ ಸ್ಲಿಮ್ ನದಿಯ ಹತ್ತಿರ. ಸಂಸ್ಥಾನದ ಸರಕಾರಿ ಕಾಗದಗಳಿಗೆ ಹೈದರಾಬಾದಿನ ತಾರ್ನಾಕಾದ ಪತ್ರಾಗಾರಕ್ಕೆ ಹೋಗಬೇಕು. ಉರ್ದುವಿನ ಶಿಕಸ್ತಾ ಅನ್ನುವ ಮೋಡಿ ಬರಹ ಓದಬಲ್ಲವರನ್ನು ಜೊತೆಗೆ ಕರೆದುಕೊಂಡು ಹೋಗು, ಇಲ್ಲದಿದ್ದರೆ ಹೋದ ಖರ್ಚು ದಂಡ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದನ್ನು ಭಾರತಕ್ಕೆ ಸೇರಿಸಿಕೊಂಡಾಗಿನ ಸಾವುಗಳನ್ನು ಮಾತ್ರ ಈ ದಾರಿಯಲ್ಲಿ ಹುಡುಕಬೇಡ. ರಜಾಕಾರರಿಂದ ಸತ್ತವರಿರಲಿ, ಪೊಲೀಸ್ ಕಾರ್ಯಾಚರಣೆಯ ವೇಳೆ ಮತ್ತು ಆಮೇಲೆ ಸತ್ತವರಿರಲಿ, ಕಮಿಷನ್ನಿನ ಲೆಕ್ಕಕ್ಕೆ ಬರುವುದಿಲ್ಲ. ಕಾರ್ಯಾಚರಣೆಯ ವೇಳೆಗೂ ನಂತರಕ್ಕೂ ಸತ್ತವರು 27,000ದಿಂದ 40,000 ಅಂತ ಅಂದಾಜು ಮಾಡಿದ ಸುಂದರಲಾಲ್ ಸಮಿತಿಯ ವರದಿ ಜನರ ಕಣ್ಣಿಗೆ ಬಿದ್ದದ್ದೇ 2013ರಲ್ಲಿ.

ಮೊದಲ ಮಹಾಯುದ್ಧದ ಕಥೆ ಇನ್ನೂ ಕಷ್ಟ. ಆಗ ಸತ್ತ ಭಾರತೀಯರು ಸುಮಾರು 74,000. ಇರಾಕಿನ ಬಸ್ರಾ ಸ್ಮಾರಕದಲ್ಲಿ ಬ್ರಿಟಿಷ್ ಸಿಪಾಯಿಗಳ ಹೆಸರು ಒಂದೊಂದಾಗಿ ಕೆತ್ತಿದರು. ಭಾರತೀಯರಲ್ಲಿ ಅಧಿಕಾರಿಗಳ ಹೆಸರು ಬರೆದು, ಉಳಿದವರನ್ನು ‘ಮತ್ತು ಇಷ್ಟು ಮಂದಿ ಇತರ ಭಾರತೀಯ ಸೈನಿಕರು’ ಅಂತ ಮುಗಿಸಿದರು. ಕಮಿಷನ್ 2021ರಲ್ಲಿ ತಾನೇ ಒಪ್ಪಿಕೊಂಡಿತು: ಆ ಯುದ್ಧದಲ್ಲಿ ಸತ್ತ ಆಫ್ರಿಕಾ, ಈಜಿಪ್ಟ್, ಭಾರತದವರಲ್ಲಿ ಕಡಿಮೆಯೆಂದರೂ 1,16,000, ಹೆಚ್ಚೆಂದರೆ 3,50,000 ಮಂದಿಯ ಹೆಸರೇ ಎಲ್ಲೂ ಬರೆದಿಲ್ಲ, ಅಥವಾ ಅವರಿಗೆ ಸ್ಮಾರಕವೇ ಇಲ್ಲ. ಸೈನ್ಯದ ಪಟ್ಟಿಯಲ್ಲೇ ಇಲ್ಲದವರ ಗತಿ ಇನ್ನೂ ಕೆಟ್ಟದ್ದು. ಎರಡನೇ ಯುದ್ಧದಲ್ಲಿ ಜಪಾನೀಯರು ಕಟ್ಟಿಸಿದ ಬರ್ಮಾ–ಸಿಯಾಮ್ (ಈಗಿನ ಥಾಯ್ಲೆಂಡ್) ರೈಲುಹಾದಿ 415 ಕಿಲೋಮೀಟರ್. ಅದನ್ನು ಕಟ್ಟುವಾಗ ಸತ್ತ 12,000ಕ್ಕೂ ಹೆಚ್ಚು ಮಿತ್ರರಾಷ್ಟ್ರಗಳ ಯುದ್ಧಕೈದಿಗಳ ಹೆಸರು ದಾಖಲೆಯಲ್ಲಿದೆ. ಅದೇ ಹಾದಿಯಲ್ಲಿ ಲಕ್ಷದ ಸುಮಾರಿಗೆ ಸತ್ತ ಏಷ್ಯಾದ ಕೂಲಿಗಳಿಗೆ, ಅವರಲ್ಲಿ ಮಲಯಾದ ತೋಟಗಳಿಂದ ಹೋದ ತಮಿಳರೂ ಬಹಳ ಇದ್ದರು, ಅಂಥ ಪಟ್ಟಿ ಇಲ್ಲ.

ನಿನ್ನ ಕೆಲಸಕ್ಕೆ ಬರೋಣ. ನಂಬರು, ತುಕಡಿ ಸಿಕ್ಕ ಮೇಲೆ ರೆಕಾರ್ಡ್ಸ್ ಆಫೀಸಿಗೆ ಬರೆ. ಸ್ಯಾಪರ್ಸ್, ಸರ್ವಿಸ್ ಕೋರ್, ಪಯೊನಿಯರ್ ಮೂರೂ ಬೆಂಗಳೂರು, ಮದ್ರಾಸ್ ರೆಜಿಮೆಂಟ್ ನೀಲಗಿರಿಯ ವೆಲ್ಲಿಂಗ್ಟನ್. ‘ಪೂರ್ತಿ ಕಾಗದಪತ್ರ ಕೊಡಿ’ ಅಂತ ಕೇಳಬೇಡ. ಪಿಂಚಣಿ ಇಲ್ಲದವರ ಕಾಗದ 25 ವರ್ಷಕ್ಕೆ ನಾಶ ಮಾಡುವ ನಿಯಮವಿದೆ, ಅದನ್ನೇ ಹೇಳಿ ಕೈತೊಳೆದುಕೊಳ್ಳುತ್ತಾರೆ. ಆದರೆ ‘ಲಾಂಗ್ ರೋಲ್’ ಅನ್ನುವ, ಭರ್ತಿಯಾದವರ ಹೆಸರು ಬರೆದಿಡುವ ಪುಸ್ತಕ ಉಳಿಸಿಕೊಳ್ಳಬೇಕು. ಅದರಲ್ಲಿನ ನಮೂದಿನ ನಕಲು ಬೇಕು ಅಂತ ಸ್ಪಷ್ಟವಾಗಿ ಕೇಳು. ಅಪ್ಪನ ಹೆಸರು, ಊರು, ಹಳೆಯ ತಾಲ್ಲೂಕು, ಸೇರಿದ ವರ್ಷದ ಅಂದಾಜು, ಕಮಿಷನ್ನಿನ ಪುಟದ ಪ್ರಿಂಟು, ಬಿಲ್ಲೆಯ ಅಂಚಿನ ಫೋಟೋ ಇಡು. ಅವರು ಉತ್ತರಿಸದೆ ಸುಮ್ಮನೆ ಕೂತರೆ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಲ್ಲಿ ಕೇಳು, 30 ದಿನದೊಳಗೆ ಏನಾದರೊಂದು ಉತ್ತರ ಕೊಡಲೇಬೇಕು.

ಮನೆಯಲ್ಲೂ ಒಂದು ಸಲ ಕೆದಕು. ಆತನ ಹೆಂಡತಿಗೆ ಪಿಂಚಣಿ ಬರುತ್ತಿತ್ತೇ? ಬರುತ್ತಿದ್ದರೆ ಪಿಂಚಣಿ ಪುಸ್ತಕದ ಮೇಲೆ ಪಿ.ಪಿ.ಓ. (ಪಿಂಚಣಿ ಪಾವತಿ ಆದೇಶದ) ನಂಬರು ಇರುತ್ತದೆ, ಅದನ್ನು ಹಿಡಿದು ಪ್ರಯಾಗರಾಜದ ರಕ್ಷಣಾ ಪಿಂಚಣಿ ಕಚೇರಿಗೆ ಬರೆಯಬಹುದು. ಹೊಲದ ಪೌತಿ ಖಾತೆ ಬದಲಾವಣೆಯಲ್ಲಿ ಸಾವಿನ ತಾರೀಖು ನಮೂದಾಗಿರಬಹುದು, ತಹಶೀಲ್ದಾರ್ ಕಚೇರಿಯಲ್ಲಿ ಹಳೆಯ ಮ್ಯುಟೇಷನ್ ಪುಸ್ತಕ ಕೇಳು.

ಕಮಿಷನ್ನಿನ ಪಟ್ಟಿಯಲ್ಲಿ ಹೆಸರು ತಪ್ಪಾಗಿದ್ದರೆ, ಅಥವಾ ಪಟ್ಟಿಯಲ್ಲೇ ಇಲ್ಲದಿದ್ದರೆ, ಅವರಿಗೇ ಅರ್ಜಿ ಹಾಕಬಹುದು. ಅವರಿಗೆ ಬೇಕಾದದ್ದು ಎರಡಕ್ಕೆ ಪುರಾವೆ: ಆತ ಸೇವೆಯಲ್ಲಿದ್ದದ್ದು, ಆ ತಾರೀಖುಗಳೊಳಗೆ ಸತ್ತದ್ದು. ಲಾಂಗ್ ರೋಲಿನ ನಕಲು ಬರುವ ತನಕ ಅರ್ಜಿ ಹಾಕಬೇಡ, ಬರೀ ಮನೆಮಾತಿನ ಮೇಲೆ ಅವರು ತಿದ್ದುವುದಿಲ್ಲ. ಸದ್ಯಕ್ಕೆ ಬಿಲ್ಲೆಯ ಅಂಚಿನ ಫೋಟೋ ನಾಲ್ಕು ಕಡೆಯಿಂದಲೂ ಕಳಿಸು, ತುಕಡಿ ಯಾವುದು ಅಂತ ನೋಡಿ ಹೇಳುತ್ತೇನೆ.

ನಿನ್ನ ಗೆಳೆಯ,
ಬಳ್ಳಾರಿ