ಟ್ರ್ಯಾಕ್ ಕಳಿಸೋ ಮುಂಚೆ ಇದನ್ನೊಮ್ಮೆ ಓದಿ

ಎಲ್ಲರಿಗೂ ನಮಸ್ಕಾರ. ಸಿಂಥ್ (ಸಿಂಥಸೈಜರ್, ಅಂದ್ರೆ ಎಲೆಕ್ಟ್ರಾನಿಕ್ ವಾದ್ಯ) ಜೊತೆ ಕೊಳಲು, ವೀಣೆ ಬೆರೆಸಿ ಟ್ರ್ಯಾಕ್ ಮಾಡ್ತಿರೋರು ಮೊದಲು ಶ್ರುತಿ ನೋಡಿಕೊಳ್ಳಿ. ಸಿಂಥ್ ಸಾಮಾನ್ಯವಾಗಿ A ಸ್ವರಕ್ಕೆ 440 ಹರ್ಟ್ಸ್‌ ಲೆಕ್ಕದಲ್ಲೇ ಕೂತಿರುತ್ತೆ. ಬಿದಿರಿನ ಕೊಳಲು ಊದಿ ಬೆಚ್ಚಗಾದಂತೆ ಶ್ರುತಿ ಮೇಲಕ್ಕೇರುತ್ತೆ. ಸ್ವಲ್ಪ ಹೊತ್ತು ಊದಿ, ಆಮೇಲೆ ಸಿಂಥನ್ನೇ ಕೊಳಲಿಗೆ ಹೊಂದಿಸಿ. ಕೊಳಲಿಗೆ ಆಟೋಟ್ಯೂನ್ (ಶ್ರುತಿಯನ್ನ ತಾನಾಗೇ ಸರಿಪಡಿಸೋ ಸಾಫ್ಟ್‌ವೇರ್) ಹಾಕಲೇಬೇಡಿ, ಸ್ವರವನ್ನ ತೂಗಿ ಜಾರಿಸೋ ಗಮಕವೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತೆ. (ನಾನೇ ಹಾಗೆ ಮಾಡಿ ಒಂದಿಡೀ ಆಲಾಪನೆ ಕೆಡಿಸಿಕೊಂಡಿದ್ದೀನಿ.)

ಸಿಂಥ್‌ನಲ್ಲೇ ಗಮಕ ಬೇಕಾ? ಪಿಚ್ ಬೆಂಡ್ (ಸ್ವರವನ್ನ ಮೇಲೆ ಕೆಳಗೆ ಜಾರಿಸೋ ಸೌಲಭ್ಯ) ಮಿತಿ ಹೆಚ್ಚಿಸಿ. ಬಹಳಷ್ಟರಲ್ಲಿ ಅದು 2 ಸೆಮಿಟೋನಿಗೇ (ಅರ್ಧ ಸ್ವರದ ಅಂತರ ಎರಡಕ್ಕೇ) ನಿಂತಿರುತ್ತೆ.

ವಾದ್ಯದ ರೆಕಾರ್ಡಿಂಗ್ ರಿವರ್ಬ್ (ದನಿ ಅನುರಣಿಸೋ ಎಫೆಕ್ಟ್) ಇಲ್ಲದೆ, 24 ಬಿಟ್ ವೇವ್ (WAV) ಫೈಲಾಗಿ ಕಳಿಸಿ. ವಾಯ್ಸ್ ನೋಟ್ ಬೇಡ ದಯವಿಟ್ಟು! ತಂಬೂರಿಯ ಝೇಂಕಾರ ಅದರಲ್ಲಿ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಕೇಳುತ್ತೆ.